ಮದುವೆಯಲ್ಲಿ ಸರ್ಕಾರಕ್ಕೇನು ಕೆಲಸ?

ಅಮೆರಿಕದ ಅಲಬಾಮಾ ರಾಜ್ಯ 2019ರ ಆಗಸ್ಟ್‌ನಲ್ಲಿ ಮದುವೆಗೆ ಲೈಸೆನ್ಸ್ ಕೊಡುವ ಪದ್ಧತಿಯನ್ನೇ ಕೈಬಿಟ್ಟಿತು. ಅಲ್ಲೀಗ ಮದುವೆಯಾಗುವ ವಯಸ್ಕರು ಯಾರ ಅನುಮತಿಯನ್ನೂ ಕೇಳಬೇಕಿಲ್ಲ. ನಿಗದಿತ ನಮೂನೆ ತುಂಬಿ, ನೋಟರಿಯ ಎದುರು ಸಹಿ ಹಾಕಿ ಕಚೇರಿಗೆ ಕೊಟ್ಟರೆ ಅದನ್ನು ದಾಖಲಿಸಿಕೊಳ್ಳುವುದಷ್ಟೇ ಅಧಿಕಾರಿಯ ಕೆಲಸ. ಶಾಸ್ತ್ರ, ಸಮಾರಂಭ ಮಾಡಿಕೊಳ್ಳುವುದು ಬಿಡುವುದು ಅವರಿಷ್ಟ, ಕಾನೂನಿಗೆ ಅದರ ಗೊಡವೆಯಿಲ್ಲ.

ಇದಾಗಿ ಆರು ವರ್ಷ ತುಂಬುವ ಮೊದಲೇ ನಮ್ಮ ಉತ್ತರಾಖಂಡ ತದ್ವಿರುದ್ಧ ದಿಕ್ಕಿನಲ್ಲಿ ಹೊರಟಿತು. 2025ರ ಜನವರಿ 27ರಂದು ಜಾರಿಗೆ ಬಂದ ಅಲ್ಲಿನ ಏಕರೂಪ ನಾಗರಿಕ ಸಂಹಿತೆಯ ಪ್ರಕಾರ ಮದುವೆಯಾದವರಷ್ಟೇ ಅಲ್ಲ, ಮದುವೆಯಾಗದೆ ಒಟ್ಟಿಗೆ ಬಾಳುವವರೂ ಹೆಸರು ನೋಂದಾಯಿಸಬೇಕು. ಹಾಗೆ ಬಾಳುವವರು ನೋಂದಾಯಿಸದೆ ಒಂದು ತಿಂಗಳು ಮೀರಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವಿವರ ಪೊಲೀಸ್ ಠಾಣೆಗೆ ಹೋಗುತ್ತದೆ. ಇಬ್ಬರಲ್ಲಿ ಒಬ್ಬರು 21 ವರ್ಷದೊಳಗಿನವರಾಗಿದ್ದರೆ ಹೆತ್ತವರಿಗೂ ತಿಳಿಸಲಾಗುತ್ತದೆ.

ಒಂದು ಕಡೆ ಸರ್ಕಾರ ಬರೀ ಗುಮಾಸ್ತ, ಇನ್ನೊಂದು ಕಡೆ ಮನೆಯೊಳಗಿನ ಕಾವಲುಗಾರ. ಇವೆರಡರ ನಡುವೆ ಹಲವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ನೇರವಾದದ್ದು: ಇಬ್ಬರು ವಯಸ್ಕರು ಜೊತೆಗೆ ಬಾಳುತ್ತೇವೆಂದು ತೀರ್ಮಾನಿಸಿದರೆ ಅದರಲ್ಲಿ ಸರ್ಕಾರಕ್ಕೇನು ಕೆಲಸ? ಮದುವೆಯನ್ನು ಧರ್ಮಕ್ಕೋ ಕುಟುಂಬಕ್ಕೋ ಖಾಸಗಿ ಕರಾರಿಗೋ ಬಿಟ್ಟು ಸರ್ಕಾರ ಪೂರ್ತಿಯಾಗಿ ಹೊರಬರಬಾರದೇಕೆ?

ಯಾರು ಯಾರನ್ನು ಮದುವೆಯಾಗಬೇಕೆಂದು ಹೇಳುವ ಹಕ್ಕು ಸರ್ಕಾರಕ್ಕಿಲ್ಲ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಮದುವೆಯಿಂದ ಹುಟ್ಟುವ ಹೊಣೆಯನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಬಂದಾಗ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. ಇವೆರಡೂ ಬೇರೆ ಬೇರೆ ಕೆಲಸಗಳು. ಬಹುತೇಕ ದೇಶಗಳ ಕಾನೂನು, ನಮ್ಮದೂ ಸೇರಿ, ಮೊದಲನೆಯದರಲ್ಲಿ ಅತಿಯಾಗಿ ಕೈಹಾಕುತ್ತದೆ, ಎರಡನೆಯದರಲ್ಲಿ ಅರೆಮನಸ್ಸಿನಿಂದ ನಡೆದುಕೊಳ್ಳುತ್ತದೆ.

ಈ ಎರಡು ಕೆಲಸಗಳು ಒಂದರೊಳಗೊಂದು ಬೆರೆತದ್ದಕ್ಕೆ ಹಳೆಯ ಇತಿಹಾಸವಿದೆ. ಯುರೋಪಿನಲ್ಲಿ ಬಹುಕಾಲ ಮದುವೆಗೆ ಪಾದ್ರಿಯೂ ಬೇಕಿರಲಿಲ್ಲ, ಸಾಕ್ಷಿಯೂ ಬೇಕಿರಲಿಲ್ಲ. ಇಬ್ಬರು ಪರಸ್ಪರ ಒಪ್ಪಿ ಮಾತು ಕೊಟ್ಟರೆ ಚರ್ಚಿನ ಕಣ್ಣಿನಲ್ಲಿ ಮದುವೆ ಆದಂತೆಯೇ. ಕೇಳಲು ಚೆನ್ನಾಗಿದೆ. ಆದರೆ ಮಾತು ಕೊಟ್ಟವನು ನಾಳೆ ‘ನಾನು ಹಾಗೆ ಹೇಳಿಯೇ ಇಲ್ಲ’ ಎಂದರೆ? ಬಸುರಿಯಾದ ಹೆಣ್ಣಿನ ಹತ್ತಿರ ಇದ್ದದ್ದು ಅವಳ ಮಾತೊಂದೇ. ಈ ಗುಟ್ಟಿನ ಮದುವೆಗಳ ಕಾಟ ತಾಳಲಾರದೆ 1563ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಧರ್ಮಸಭೆ ಪಾದ್ರಿ ಮತ್ತು ಸಾಕ್ಷಿಗಳ ಎದುರಿನಲ್ಲೇ ಮದುವೆ ನಡೆಯಬೇಕೆಂದು ವಿಧಿಸಿತು. 1753ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ತನ್ನದೇ ಕಾಯ್ದೆ ತಂದಿತು. ಅದರಲ್ಲಿ ದಾಖಲೆಯೂ ಇತ್ತು, ಜೊತೆಗೆ 21 ತುಂಬದವರು ಲೈಸೆನ್ಸ್ ಪಡೆದು ಮದುವೆಯಾಗಲು ಹೆತ್ತವರ ಒಪ್ಪಿಗೆ ಬೇಕೆಂಬ ಷರತ್ತೂ ಇತ್ತು. ಆಸ್ತಿವಂತ ಮನೆಗಳಿಗೆ ಬೇಕಿದ್ದದ್ದು ಆ ಷರತ್ತು. ಜೋಡಿಗಳು ಗಡಿ ದಾಟಿ, ಆ ಕಾಯ್ದೆ ಅನ್ವಯಿಸದ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್‌ಗೆ ಓಡಲು ಶುರುಮಾಡಿದ್ದು ಆಗಲೇ. ಹೆಣ್ಣಿನ ರಕ್ಷಣೆಗೆಂದು ಬಂದ ದಾಖಲೆ ಪುಸ್ತಕ, ಮನೆತನಗಳ ಆಸ್ತಿ ಕಾಯುವ ಬೀಗವಾಗಿಯೂ ಕೆಲಸ ಮಾಡತೊಡಗಿತು.

ಮದುವೆಯ ಪ್ರವೇಶವನ್ನು ಆಳುವವರು ಕಾದ ಚರಿತ್ರೆ ಎಲ್ಲ ಕಡೆಯೂ ಕಹಿಯಾದದ್ದೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ಮದುವೆಯನ್ನು ಕನ್ನಡಿಗರಿಗೆ ನೆನಪಿಸಬೇಕಾಗಿಲ್ಲ. ಸಮಗಾರರ ಮನೆಗೂ ಬ್ರಾಹ್ಮಣ ಮೂಲದ ಮನೆಗೂ ಬೀಗತನವಾಯಿತೆಂಬ ಒಂದೇ ಕಾರಣಕ್ಕೆ ಬಿಜ್ಜಳ ಇಬ್ಬರು ತಂದೆಯರಿಗೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆ ಕೊಟ್ಟನೆಂದು ಶರಣ ಪರಂಪರೆ ಹೇಳುತ್ತದೆ. ಪ್ರಭುತ್ವ ಮದುವೆಯನ್ನು ನಿಯಂತ್ರಿಸಿದ ಪ್ರಸಂಗವೆಂದು ನಾವು ಅದನ್ನು ಸಾಮಾನ್ಯವಾಗಿ ಓದುವುದಿಲ್ಲ. ಓದಬೇಕು. ಅಲ್ಲಿ ಮಕ್ಕಳಿಬ್ಬರಿಗೂ ಒಪ್ಪಿಗೆಯಿತ್ತು, ಮನೆಗಳಿಗೂ ಒಪ್ಪಿಗೆಯಿತ್ತು. ಇಲ್ಲದಿದ್ದದ್ದು ಅರಸನ ಒಪ್ಪಿಗೆ.

1935ರ ನ್ಯೂರೆಂಬರ್ಗ್ ಕಾನೂನುಗಳು ಜರ್ಮನಿಯಲ್ಲಿ ಯಹೂದಿಗಳ ಜೊತೆಗಿನ ಮದುವೆಯನ್ನು ಅಪರಾಧವಾಗಿಸಿದವು. ದಕ್ಷಿಣ ಆಫ್ರಿಕಾ 1949ರಲ್ಲಿ ಬಿಳಿಯರು ಇತರರನ್ನು ಮದುವೆಯಾಗುವುದನ್ನು ನಿಷೇಧಿಸಿತು, ಆ ಕಾಯ್ದೆ ರದ್ದಾಗಲು 1985 ಬರಬೇಕಾಯಿತು. ಅಮೆರಿಕದ ವರ್ಜೀನಿಯಾದಲ್ಲಿ 1958ರ ಜುಲೈ ತಿಂಗಳ ಒಂದು ನಡುರಾತ್ರಿ ರಿಚರ್ಡ್ ಮತ್ತು ಮಿಲ್ಡ್ರೆಡ್ ಲವಿಂಗ್ ದಂಪತಿ ಮಲಗಿದ್ದ ಕೋಣೆಗೇ ಪೊಲೀಸರು ನುಗ್ಗಿದರು. ಅವನು ಬಿಳಿಯ, ಅವಳು ಅಲ್ಲ. ಗೋಡೆಗೆ ತೂಗುಹಾಕಿದ್ದ ಮದುವೆಯ ಪ್ರಮಾಣಪತ್ರವನ್ನು ತೋರಿಸಿದರೆ, ಇಲ್ಲಿ ಅದು ನಡೆಯುವುದಿಲ್ಲ ಎಂದರು. 25 ವರ್ಷ ರಾಜ್ಯ ಬಿಟ್ಟು ಹೋಗುವುದಾದರೆ ಒಂದು ವರ್ಷದ ಜೈಲುಶಿಕ್ಷೆಯನ್ನು ಅಮಾನತಿನಲ್ಲಿಡುತ್ತೇನೆಂದು ನ್ಯಾಯಾಧೀಶ ಹೇಳಿದ. 1967ರಲ್ಲಿ ಸುಪ್ರೀಂ ಕೋರ್ಟು ಇಂಥ ಕಾನೂನುಗಳನ್ನು ಹೊಡೆದುಹಾಕುವಾಗ ಅವು ಇನ್ನೂ 16 ರಾಜ್ಯಗಳಲ್ಲಿ ಉಸಿರಾಡುತ್ತಿದ್ದವು.

ನಮ್ಮಲ್ಲಿ ಅಷ್ಟು ಕ್ರೂರ ಕಾನೂನಿಲ್ಲ ಎಂದು ಸಮಾಧಾನಪಟ್ಟುಕೊಳ್ಳುವ ಮೊದಲು 1954ರ ವಿಶೇಷ ವಿವಾಹ ಕಾಯ್ದೆಯನ್ನು ಹತ್ತಿರದಿಂದ ನೋಡಬೇಕು. ಬೇರೆ ಬೇರೆ ಧರ್ಮದವರು ಮತ ಬದಲಿಸದೆ ಮದುವೆಯಾಗಲು ಇರುವ ಮುಖ್ಯ ದಾರಿ ಇದು. ಇದಕ್ಕೆ ಮೊದಲಿದ್ದ 1872ರ ಕಾಯ್ದೆಯಲ್ಲಾದರೆ ‘ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ’ ಎಂದು ಘೋಷಿಸಿಕೊಳ್ಳಬೇಕಿತ್ತು. ಆ ಅವಮಾನ 1954ರಲ್ಲಿ ಹೋಯಿತು, ನಿಜ. ಆದರೆ ನೋಟಿಸ್ ಉಳಿಯಿತು. ಮದುವೆಯಾಗುವವರು ಹೆಸರು, ವಯಸ್ಸು, ಉದ್ಯೋಗ, ಅವಿವಾಹಿತರೋ ವಿಚ್ಛೇದಿತರೋ ಎಂಬ ವಿವರ, ಈಗಿರುವ ವಿಳಾಸ, ಕಾಯಂ ವಿಳಾಸ, ಅಲ್ಲಿ ಎಷ್ಟು ದಿನದಿಂದ ಇದ್ದಾರೆ ಎಂಬುದನ್ನೆಲ್ಲ ಬರೆದುಕೊಡಬೇಕು. ಕಚೇರಿಯ ಎದ್ದುಕಾಣುವ ಜಾಗದಲ್ಲಿ ಅದನ್ನು ಅಂಟಿಸುತ್ತಾರೆ. ಕಾಯಂ ವಿಳಾಸ ಬೇರೆ ಜಿಲ್ಲೆಯದಾಗಿದ್ದರೆ ಒಂದು ಪ್ರತಿ ಆ ಜಿಲ್ಲೆಯ ಕಚೇರಿಗೂ ಹೋಗಿ ಅಲ್ಲಿನ ಗೋಡೆಗೂ ಅಂಟುತ್ತದೆ. ಮೂವತ್ತು ದಿನದೊಳಗೆ ಯಾರು ಬೇಕಾದರೂ ತಕರಾರು ಸಲ್ಲಿಸಬಹುದು.

ಮನೆಯವರ ವಿರೋಧ ಕಟ್ಟಿಕೊಂಡು ಊರು ಬಿಟ್ಟು ಬಂದ ಹುಡುಗಿಯ ವಿಷಯದಲ್ಲಿ ಇದರ ಅರ್ಥವೇನೆಂದು ಯೋಚಿಸಿ. ಅವಳು ಯಾರಿಂದ ತಪ್ಪಿಸಿಕೊಂಡು ಬಂದಳೋ ಅವರ ಊರಿನ ಕಚೇರಿಗೇ ಅವಳ ಹೊಸ ವಿಳಾಸವನ್ನು ಸರ್ಕಾರ ತನ್ನ ಖರ್ಚಿನಲ್ಲಿ ಕಳಿಸಿಕೊಡುತ್ತದೆ. ಕೇರಳದಲ್ಲಿ ಈ ನೋಟಿಸುಗಳನ್ನು ಇಲಾಖೆಯ ವೆಬ್‌ಸೈಟಿಗೆ ಹಾಕುತ್ತಿದ್ದರು. ಅವನ್ನು ಇಳಿಸಿಕೊಂಡು ವಾಟ್ಸಾಪಿನಲ್ಲಿ ಹರಡುವವರು ಹುಟ್ಟಿಕೊಂಡ ಮೇಲೆ 2020ರಲ್ಲಿ ಸರ್ಕಾರ ಅದನ್ನು ನಿಲ್ಲಿಸಬೇಕಾಯಿತು. ಒಂದೇ ಧರ್ಮದವರು ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದರೆ ಈ ಮೂವತ್ತು ದಿನದ ಗೋಡೆಬರಹ ಇಲ್ಲವೇ ಇಲ್ಲ. ಈ ತಾರತಮ್ಯವನ್ನು ಎತ್ತಿ ತೋರಿಸಿದ ಅಲಹಾಬಾದ್ ಹೈಕೋರ್ಟು, ನೋಟಿಸ್ ಪ್ರಕಟಿಸಬೇಕೋ ಬೇಡವೋ ಎಂಬುದು ಜೋಡಿಯ ಆಯ್ಕೆಗೆ ಬಿಟ್ಟದ್ದೆಂದು 2021ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಕಾಯ್ದೆಯ ಪುಸ್ತಕದಲ್ಲಿ ಮಾತ್ರ ಆ ಸಾಲುಗಳು ಹಾಗೆಯೇ ಇವೆ. ಈಗಾಗಲೇ ಮದುವೆಯಾಗಿದೆಯೇ, ವಯಸ್ಸು ಸರಿಯಿದೆಯೇ ಎಂದು ನೋಡಲು ಗೋಡೆಗೆ ಅಂಟಿಸಬೇಕಾಗಿಲ್ಲ. ಅಫಿಡವಿಟ್ ಮತ್ತು ದಾಖಲೆ ಸಾಕು, ಸುಳ್ಳು ಹೇಳಿದವರಿಗೆ ಶಿಕ್ಷೆ ಹೇಗೂ ಇದೆ.

ಇಷ್ಟೆಲ್ಲ ಓದಿದ ಮೇಲೆ ‘ಹಾಗಾದರೆ ಸರ್ಕಾರದ ಉಸಾಬರಿಯೇ ಬೇಡ’ ಅನಿಸುವುದು ಸಹಜ. ಆದರೆ ಸರ್ಕಾರ ಹಿಂದೆ ಸರಿದಾಗ ಏನಾಯಿತು ಎಂಬುದಕ್ಕೂ ಉದಾಹರಣೆಗಳಿವೆ, ಮತ್ತು ಅವು ಇಷ್ಟೇ ಕಹಿ.

ಸೋವಿಯತ್ ರಷ್ಯಾದ 1926ರ ಕುಟುಂಬ ಸಂಹಿತೆ ನೋಂದಣಿಯಾದ ಮದುವೆಗೂ ಸುಮ್ಮನೆ ಕೂಡಿ ಬಾಳುವುದಕ್ಕೂ ಇದ್ದ ಅಂತರವನ್ನು ಬಹುಮಟ್ಟಿಗೆ ಅಳಿಸಿತು. ವಿಚ್ಛೇದನಕ್ಕೆ ಕೋರ್ಟು ಬೇಕಿರಲಿಲ್ಲ. ಒಬ್ಬರು ಹೋಗಿ ಹೇಳಿದರೆ ಸಾಕು, ಇನ್ನೊಬ್ಬರಿಗೆ ಅಂಚೆಯಲ್ಲಿ ಸುದ್ದಿ ಬರುತ್ತಿತ್ತು. ಹೆಣ್ಣನ್ನು ಬಿಡುಗಡೆಗೊಳಿಸುವುದೇ ಇದರ ಉದ್ದೇಶವಾಗಿತ್ತು. ಆದರೆ ಹೊಲದಲ್ಲೋ ಕಾರ್ಖಾನೆಯಲ್ಲೋ ಅರೆಹೊಟ್ಟೆಯ ಕೂಲಿಗೆ ದುಡಿಯುತ್ತ ಮಗು ಸಾಕಬೇಕಿದ್ದ ಹೆಂಗಸರಿಗೆ ಗಂಡ ಸುಲಭವಾಗಿ ಬಿಟ್ಟುಹೋಗಬಹುದೆಂಬುದು ಬಿಡುಗಡೆಯಾಗಿ ಕಾಣಲಿಲ್ಲ. ಜೀವನಾಂಶದ ಆದೇಶಗಳು ಕಾಗದದಲ್ಲೇ ಉಳಿದವು. 1944ರಲ್ಲಿ ಸ್ಟಾಲಿನ್ ಸರ್ಕಾರ ಇನ್ನೊಂದು ತುದಿಗೆ ಜಿಗಿದು, ನೋಂದಣಿಯಾದ ಮದುವೆಯೊಂದೇ ಮದುವೆ ಎಂದಿತು. ಮದುವೆಯಾಗದ ತಾಯಿ ಮಗುವಿನ ತಂದೆಯಿಂದ ಏನನ್ನೂ ಕೇಳುವ ಹಾಗಿರಲಿಲ್ಲ. ಎರಡೂ ತುದಿಯಲ್ಲಿ ಸೋತವರು ಅದೇ ಹೆಂಗಸರು, ಅದೇ ಮಕ್ಕಳು.

ಕೆನಡಾದ ಕ್ವಿಬೆಕ್ ಪ್ರಾಂತದ ಕಥೆ ಹೊಸದು. ಅಲ್ಲಿ ಮದುವೆಯಾಗದೆ ಬಾಳುವ ಜೋಡಿಗಳು ಬಹಳ. ಕಾನೂನು ಅವರ ನಡುವೆ ಬರುತ್ತಿರಲಿಲ್ಲ: ಬೇರೆಯಾದರೆ ಜೀವನಾಂಶವೂ ಇಲ್ಲ, ಆಸ್ತಿಯಲ್ಲಿ ಪಾಲೂ ಇಲ್ಲ. ಮೂರು ಮಕ್ಕಳ ತಾಯಿಯೊಬ್ಬರು ಭಾರಿ ಶ್ರೀಮಂತ ಸಂಗಾತಿಯ ವಿರುದ್ಧ ಹೂಡಿದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮದುವೆಯಾಗದಿರುವುದು ಅವರದೇ ಆಯ್ಕೆ, ಕಾನೂನು ಅದನ್ನು ಗೌರವಿಸಬೇಕೆಂದು 2013ರಲ್ಲಿ ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ ನಿಂತು ತೀರ್ಪಾಯಿತು. ಆದರೆ ಮನೆ ಯಾರ ಹೆಸರಿನಲ್ಲಿದೆ ಎಂಬುದರ ಮೇಲೆ ಮಕ್ಕಳ ಬದುಕು ನಿಲ್ಲುವುದನ್ನು ಎಷ್ಟು ಕಾಲ ನೋಡುತ್ತ ಕೂರಲಾಗುತ್ತದೆ? ಕ್ವಿಬೆಕ್ ಹೊಸ ಕಾನೂನು ಮಾಡಿತು. 2025ರ ಜೂನ್ 30ರಿಂದ, ಮದುವೆಯಾಗದ ಜೋಡಿಗೆ ಮಗು ಹುಟ್ಟಿದರೆ ಅವರು ಬಾಳುವ ಮನೆ, ಪೀಠೋಪಕರಣ, ವಾಹನಗಳಲ್ಲಿ ಇಬ್ಬರಿಗೂ ಹಕ್ಕು ತಾನಾಗಿಯೇ ಬರುತ್ತದೆ. ಬೇಡವೆನ್ನುವವರು ನೋಟರಿಯ ಮುಂದೆ ಬರೆದುಕೊಟ್ಟು ಹೊರಗುಳಿಯಬಹುದು.

ಖಾಸಗಿ ಕರಾರು ಸಾಕೆನ್ನುವವರ ವಾದದಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದೇ. ಕರಾರಿಗೆ ಸಹಿ ಹಾಕುವ ಹೊತ್ತಿನಲ್ಲಿ ಇಬ್ಬರ ನಡುವೆ ಜಗಳವಿರುವುದಿಲ್ಲ, ಮಗುವೂ ಇರುವುದಿಲ್ಲ. ಹತ್ತು ವರ್ಷದ ಮೇಲೆ ಒಬ್ಬರು ಕೆಲಸ ಬಿಟ್ಟು ಮನೆ ನೋಡಿಕೊಂಡಿರುತ್ತಾರೆ, ಇನ್ನೊಬ್ಬರ ಸಂಬಳ ಮೂರುಪಟ್ಟಾಗಿರುತ್ತದೆ. ಅಷ್ಟು ಮುಂದಾಲೋಚಿಸಿ ಷರತ್ತು ಬರೆಸಿಕೊಳ್ಳಲು ವಕೀಲರನ್ನು ಇಡುವ ಶಕ್ತಿ ಎಷ್ಟು ಜನರಿಗಿದೆ? ಇನ್ನು ಮಗುವಂತೂ ಆ ಕರಾರಿಗೆ ಸಹಿ ಹಾಕಿಯೇ ಇಲ್ಲ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೇಳುವ ವೈದ್ಯರಿಗೆ, ಪಿಂಚಣಿ ಮಂಜೂರು ಮಾಡುವ ಗುಮಾಸ್ತರಿಗೆ ನಿಮ್ಮ ಇಪ್ಪತ್ತು ಪುಟದ ಒಪ್ಪಂದ ಓದಿ ಅರ್ಥಮಾಡಿಕೊಳ್ಳುವ ವ್ಯವಧಾನವಿರುವುದಿಲ್ಲ. ಎಲ್ಲರೂ ಒಪ್ಪುವ ಒಂದು ದಾಖಲೆ ಬೇಕು, ಬರೆಸಿಕೊಳ್ಳದವರಿಗೂ ಅನ್ವಯಿಸುವ ಕೆಲವು ನಿಯಮಗಳು ಬೇಕು. ಅಮೆರಿಕದ ಒಕ್ಕೂಟ ಕಾನೂನುಗಳಲ್ಲಿ ಮದುವೆಯಾಗಿದೆಯೋ ಇಲ್ಲವೋ ಎಂಬುದರ ಮೇಲೆ ನಿಂತ ಅಂಶಗಳು 1,138 ಇವೆ ಎಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2004ರಲ್ಲಿ ಪಟ್ಟಿ ಮಾಡಿತ್ತು. ತೆರಿಗೆ, ವಲಸೆ, ಉತ್ತರಾಧಿಕಾರ ಎಲ್ಲವೂ ಅದರಲ್ಲಿವೆ.

ಇನ್ನೊಂದು ಮಾತು. ಸರ್ಕಾರ ಬಿಟ್ಟುಹೋದ ಜಾಗ ಖಾಲಿ ಉಳಿಯುವುದಿಲ್ಲ. ಇಸ್ರೇಲಿನಲ್ಲಿ ಇಂದಿಗೂ ದೇಶದೊಳಗೆ ನಾಗರಿಕ ಮದುವೆಗೆ ವ್ಯವಸ್ಥೆಯಿಲ್ಲ. ಮದುವೆ, ವಿಚ್ಛೇದನ ಧಾರ್ಮಿಕ ನ್ಯಾಯಪೀಠಗಳ ಕೈಯಲ್ಲಿವೆ. ಬೇರೆ ಧರ್ಮದವರನ್ನು ಮದುವೆಯಾಗಬೇಕೆನ್ನುವ ಹಲವರು ಸೈಪ್ರಸ್‌ಗೋ ಇನ್ನೆಲ್ಲಿಗೋ ವಿಮಾನ ಹತ್ತಿ, ಅಲ್ಲಿನ ಪ್ರಮಾಣಪತ್ರ ತಂದು ನೋಂದಾಯಿಸುತ್ತಾರೆ. ಗಂಡ ವಿಚ್ಛೇದನ ಪತ್ರ ಕೊಡಲು ಒಪ್ಪದಿದ್ದರೆ ಯಹೂದಿ ಹೆಂಗಸು ವರ್ಷಗಟ್ಟಲೆ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತೆ ಉಳಿಯುತ್ತಾಳೆ. ಲೆಬನಾನಿನ ಸ್ಥಿತಿಯೂ ಹೆಚ್ಚುಕಡಿಮೆ ಹೀಗೆಯೇ. ಕಾನೂನು ಹಿಂದೆ ಸರಿದರೆ ಆ ಕುರ್ಚಿಯಲ್ಲಿ ಕೂರುವುದು ಇಬ್ಬರ ಸ್ವಾತಂತ್ರ್ಯ ಅಲ್ಲ, ಮಠ, ಜಾತಿ, ಉತ್ತರ ಭಾರತದ ಕುಲ-ಗೋತ್ರಗಳ ಖಾಪ್ ಪಂಚಾಯಿತಿ. ಖಾಪ್‌ಗಳ ದಬ್ಬಾಳಿಕೆಯಿಂದ ಜೋಡಿಗಳನ್ನು ಕಾಪಾಡಿ, ಸುರಕ್ಷಿತ ಮನೆ ಒದಗಿಸಿ ಎಂದು ನಮ್ಮ ಸುಪ್ರೀಂ ಕೋರ್ಟು 2018ರಲ್ಲಿ ರಾಜ್ಯ ಸರ್ಕಾರಗಳಿಗೆ ಆದೇಶಿಸಬೇಕಾಗಿ ಬಂದದ್ದು ಅದಕ್ಕೇ.

ದಾಖಲೆ ಎಂಬುದು ಬರೀ ಕಾಗದವಲ್ಲ ಎಂದು ಗೊತ್ತಿದ್ದವರು ಅಮೆರಿಕದ ಗುಲಾಮರು. ಅವರ ಮದುವೆಗೆ ಕಾನೂನಿನಲ್ಲಿ ಬೆಲೆಯೇ ಇರಲಿಲ್ಲ, ಮಾಲೀಕ ಗಂಡನನ್ನು ಒಂದು ಕಡೆ ಹೆಂಡತಿಯನ್ನು ಇನ್ನೊಂದು ಕಡೆ ಮಾರಬಹುದಿತ್ತು. ಬಿಡುಗಡೆಯಾದ ಮೇಲೆ, ದಶಕಗಳಿಂದ ಜೊತೆಗಿದ್ದವರು ತಮ್ಮ ಮದುವೆ ಬರೆಸಲು ಅಧಿಕಾರಿಗಳ ಮುಂದೆ ಹೋದರು. ಅವರಿಗೆ ಬೇಕಿದ್ದದ್ದು ಅಪ್ಪಣೆಯಲ್ಲ. ಇನ್ನು ಮುಂದೆ ಯಾರೂ ತಮ್ಮನ್ನು ಅಗಲಿಸುವಂತಿಲ್ಲ ಎಂಬ ಬರಹ.

ಪ್ರವೇಶದಲ್ಲಿ ಸರ್ಕಾರ ಗಟ್ಟಿಯಾಗಿ ನಿಲ್ಲಲೇಬೇಕಾದ ಜಾಗವೂ ಒಂದಿದೆ: ವಯಸ್ಸು ಮತ್ತು ಒಪ್ಪಿಗೆ. ಇಲ್ಲಿ ನಾನು ರಾಜಿಗೆ ಸಿದ್ಧನಿಲ್ಲ. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದವನು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದನ್ನೂ ನಿಷೇಧಿಸಿತ್ತು. ಎಂಟು ವರ್ಷ ಎಂಬ ಮಿತಿಯೇ ಆ ಕಾಲದ ಸ್ಥಿತಿಯನ್ನು ಹೇಳುತ್ತದೆ. ‘ನಮ್ಮ ಮನೆಯ ವಿಷಯ, ನಮ್ಮ ಧರ್ಮದ ವಿಷಯ’ ಎಂಬ ವಾದ ಆಗಲೂ ಇತ್ತು. ಇಂದು ಕೇಂದ್ರದ 2006ರ ಕಾಯ್ದೆಯಡಿ ಬಾಲ್ಯವಿವಾಹ ಸಾಮಾನ್ಯವಾಗಿ ರದ್ದುಮಾಡಬಹುದಾದ ಮದುವೆಯಷ್ಟೆ, ಅಂದರೆ ಆ ಹುಡುಗಿಯೇ ಕೋರ್ಟಿಗೆ ಹೋಗಿ ಬೇಡವೆನ್ನಬೇಕು. ಕರ್ನಾಟಕ ತಿದ್ದುಪಡಿ ತಂದು ಅದನ್ನು ಮೊದಲಿನಿಂದಲೇ ಅಸಿಂಧು ಎಂದು ಮಾಡಿದೆ. 2017ರಲ್ಲಿ ಸುಪ್ರೀಂ ಕೋರ್ಟು ಇದನ್ನು ಮೆಚ್ಚಿ, ಬೇರೆ ರಾಜ್ಯಗಳೂ ಅನುಸರಿಸಲಿ ಎಂದಿತು.

ಮದುವೆಯ ಒಳಗೆ ಮಾತ್ರ ಸರ್ಕಾರದ ಕೈ ಚಾಚಬಾರದು. ಹನ್ನೊಂದನೆಯ ವಯಸ್ಸಿಗೆ ಮದುವೆಯಾಗಿ, ಗಂಡನ ಮನೆಗೆ ಹೋಗಲೊಲ್ಲದೆ ಓದುತ್ತಿದ್ದ ರುಖ್ಮಾಬಾಯಿಗೆ ಮುಂಬೈ ಹೈಕೋರ್ಟು 1887ರಲ್ಲಿ ಹೇಳಿದ್ದು: ಗಂಡನ ಜೊತೆ ಬಾಳು, ಇಲ್ಲವೇ ಆರು ತಿಂಗಳು ಜೈಲಿಗೆ ಹೋಗು. ಜೈಲಿಗೇ ಹೋಗುತ್ತೇನೆಂದಳು ಆಕೆ. ಕಡೆಗೆ ಹಣ ಕೊಟ್ಟು ರಾಜಿಯಾಗಿ, ಲಂಡನ್ನಿನಲ್ಲಿ ಓದಿ ವೈದ್ಯೆಯಾಗಿ ಬಂದು ದಶಕಗಟ್ಟಲೆ ರೋಗಿಗಳ ಸೇವೆ ಮಾಡಿದಳು. ಈ ‘ದಾಂಪತ್ಯ ಹಕ್ಕುಗಳ ಮರುಸ್ಥಾಪನೆ’ ಇಂಗ್ಲೆಂಡಿನ ಚರ್ಚ್ ನ್ಯಾಯಾಲಯಗಳಿಂದ ನಮ್ಮಲ್ಲಿಗೆ ಬಂದ ಸರಕು. ಇಂಗ್ಲೆಂಡ್ ಅದನ್ನು 1970ರಲ್ಲಿ ತೆಗೆದುಹಾಕಿತು. ನಮ್ಮ ಹಿಂದೂ ವಿವಾಹ ಕಾಯ್ದೆಯ 9ನೇ ಸೆಕ್ಷನ್ನಿನಲ್ಲಿ ಅದು ಭದ್ರವಾಗಿದೆ. ಆಂಧ್ರಪ್ರದೇಶ ಹೈಕೋರ್ಟು 1983ರಲ್ಲಿ ಅಸಾಂವಿಧಾನಿಕವೆಂದದ್ದನ್ನು ಸುಪ್ರೀಂ ಕೋರ್ಟು ಮರುವರ್ಷವೇ ತಳ್ಳಿಹಾಕಿತು. ಈಗ ಜೈಲಿಲ್ಲ, ಆದರೆ ಮಾತು ಕೇಳದವರ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶವಿದೆ. ಉತ್ತರಾಖಂಡದ ಸಹಜೀವನ ನೋಂದಣಿಯಲ್ಲೂ ನನಗೆ ಇದೇ ಕೈ ಕಾಣುತ್ತದೆ. ಅದರಲ್ಲಿ ಒಳ್ಳೆಯದೂ ಇದೆ: ಅಂಥ ಸಂಬಂಧದಲ್ಲಿ ಹುಟ್ಟಿದ ಮಗು ಔರಸವೆನಿಸುತ್ತದೆ, ಸಂಗಾತಿ ಬಿಟ್ಟುಹೋದರೆ ಹೆಣ್ಣು ಜೀವನಾಂಶ ಕೇಳಬಹುದು. ಅದಕ್ಕೆ ಠಾಣೆಗೆ ವಿವರ ಕಳಿಸುವ ಅಗತ್ಯವೇನಿತ್ತು? 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮದುವೆಯ ಸ್ವರೂಪದ ಸಂಬಂಧಗಳಲ್ಲಿರುವ ಹೆಣ್ಣಿಗೆ ಯಾವ ನೋಂದಣಿಯನ್ನೂ ಕೇಳದೆ ರಕ್ಷಣೆ ಕೊಡುತ್ತಿದೆ.

ಸಲಿಂಗ ಜೋಡಿಗಳ ಮದುವೆಯ ಹಕ್ಕಿನ ಪ್ರಕರಣದಲ್ಲಿ 2023ರ ಅಕ್ಟೋಬರ್ 17ರಂದು ನಮ್ಮ ಸುಪ್ರೀಂ ಕೋರ್ಟು, ಅದನ್ನು ತೀರ್ಮಾನಿಸಬೇಕಾದದ್ದು ಶಾಸಕಾಂಗ ಎಂದಿತು. ಶಾಸಕಾಂಗ ಬಾಯಿ ತೆರೆದಿಲ್ಲ. ಮದುವೆಯ ಮೂಲಕವೇ ಉತ್ತರಾಧಿಕಾರ, ಪಿಂಚಣಿ, ವಿಮೆ ಎಲ್ಲವನ್ನೂ ಹಂಚುವ ವ್ಯವಸ್ಥೆ ಕಟ್ಟಿ, ಆ ಬಾಗಿಲನ್ನು ಕೆಲವರಿಗೆ ಮುಚ್ಚುವುದು ಅನ್ಯಾಯ.

ಪ್ರವೇಶಕ್ಕೆ ಇಷ್ಟೊಂದು ಕಾವಲಿಟ್ಟ ನಮ್ಮ ಕಾನೂನು ನಿರ್ಗಮನದಲ್ಲಿ ಹೇಗೆ ನಡೆದುಕೊಳ್ಳುತ್ತದೆ? ಇಬ್ಬರೂ ಒಪ್ಪಿ ಬೇರೆಯಾಗುವುದಾದರೂ ಮೊದಲು ಒಂದು ವರ್ಷ ದೂರವಿರಬೇಕು, ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು. ಈ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಒಬ್ಬರು ಒಪ್ಪದಿದ್ದರೆ ಇನ್ನೊಬ್ಬರ ತಪ್ಪನ್ನು ಸಾಬೀತುಪಡಿಸಲು ವರ್ಷಗಟ್ಟಲೆ ಅಲೆದಾಟ. ಅದಕ್ಕಿಂತ ದೊಡ್ಡ ಲೋಪ ಆಸ್ತಿಯದು. ಇಪ್ಪತ್ತು ವರ್ಷ ಮನೆ, ಮಕ್ಕಳು, ಅತ್ತೆಮಾವಂದಿರನ್ನು ನೋಡಿಕೊಂಡ ಹೆಂಡತಿಗೆ, ಆ ಇಪ್ಪತ್ತು ವರ್ಷದಲ್ಲಿ ಗಂಡನ ಹೆಸರಿನಲ್ಲಿ ಕೊಂಡ ಮನೆಯಲ್ಲಿ ವಿಚ್ಛೇದನದ ಹೊತ್ತಿಗೆ ಪಾಲಿಲ್ಲ. ಜೀವನಾಂಶ ಕೇಳಬಹುದು, ನ್ಯಾಯಾಧೀಶರು ಎಷ್ಟು ಕೊಟ್ಟರೆ ಅಷ್ಟು. ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆ ಉಳಿದಿರುವ ಗೋವಾದಲ್ಲಿ ಮಾತ್ರ, ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡಹೆಂಡಿರ ಆಸ್ತಿ ಜಂಟಿ, ಬೇರೆಯಾದಾಗ ಅರ್ಧರ್ಧ.

ಉಳಿದ ದೇಶಕ್ಕೂ ಹತ್ತಿರಹತ್ತಿರ ಅಂಥದ್ದೊಂದು ಬರಬಹುದಾಗಿತ್ತು. ಸರಿಪಡಿಸಲಾಗದಷ್ಟು ಮುರಿದ ಮದುವೆಯನ್ನು ತಪ್ಪು ಹೊರಿಸದೆ ಕೊನೆಗೊಳಿಸುವ, ಹಾಗೆ ಮಾಡುವಾಗ ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ವಿವಾಹ ಕಾನೂನುಗಳ ತಿದ್ದುಪಡಿ ಮಸೂದೆಯನ್ನು ರಾಜ್ಯಸಭೆ 2013ರ ಆಗಸ್ಟ್‌ನಲ್ಲಿ ಅಂಗೀಕರಿಸಿತ್ತು. ಲೋಕಸಭೆಯಲ್ಲಿ ಅದು ಪಾಸಾಗಲಿಲ್ಲ, 2014ರಲ್ಲಿ ಸದನ ವಿಸರ್ಜನೆಯಾದಾಗ ಮಸೂದೆಯೂ ಬಿದ್ದುಹೋಯಿತು. ಯಾರು ಯಾರ ಜೊತೆ ಬಾಳುತ್ತಿದ್ದಾರೆಂದು ಠಾಣೆಯಲ್ಲಿ ಪಟ್ಟಿ ಮಾಡಿಸಲು ಇರುವ ಉತ್ಸಾಹದಲ್ಲಿ ಸ್ವಲ್ಪವನ್ನು ಸರ್ಕಾರಗಳು ಆ ಮಸೂದೆಯ ಕಡೆ ತಿರುಗಿಸಲಿ, ಈ ಸಲ ಮದುವೆಯಾಗದೆ ಮಕ್ಕಳನ್ನು ಬೆಳೆಸಿದವರನ್ನೂ ಅದರಲ್ಲಿ ಸೇರಿಸಲಿ.